ಊರಂಗಡಿಗೆ ಹೊಸ ಮಾಡು, ಬಾಗಿಲಲ್ಲಿ ಚುನಾವಣೆ

ಹಳ್ಳಿಯ ಅಂಗಡಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಭರಣಿಯಲ್ಲಿನ ಪೆಪ್ಪರಮಿಂಟು, ತೂಗುಹಾಕಿದ ಬಾಳೆಗೊನೆ, ಜಗಲಿಯ ಮೇಲೆ ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಕೂತ ನಾಲ್ಕು ಮಂದಿ, ಅವರ ನಡುವೆ ಕಾವೇರಿದ ರಾಜಕೀಯ. ಇಂಗ್ಲೆಂಡಿನ ಹಳ್ಳಿಯಂಗಡಿಯಲ್ಲಿ ಬಾಳೆಗೊನೆ ತೂಗುವುದಿಲ್ಲ, ಜಗಲಿಯೂ ಇಲ್ಲ. ರಾಜಕೀಯ ಮಾತ್ರ ಅಲ್ಲಿಯೂ ಉಂಟು. ಆದರೆ ಆ ಅಂಗಡಿಗಳಲ್ಲಿ ಕೆಲವಕ್ಕೆ ಒಂದು ವಿಶೇಷವಿದೆ: ಅವುಗಳ ಮಾಲೀಕ ಒಬ್ಬನಲ್ಲ, ಇಡೀ ಊರು.

ಕಳೆದ ಅರ್ಧ ಶತಮಾನದಲ್ಲಿ ಬ್ರಿಟನ್ನಿನ ಹಳ್ಳಿಗಳಲ್ಲಿ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಕಾರು ಇದ್ದವರು ಪಟ್ಟಣದ ದೊಡ್ಡ ಸೂಪರ್ ಮಾರುಕಟ್ಟೆಗಳಿಗೆ ಹೋಗತೊಡಗಿದರು. ಅಂಗಡಿಯ ಒಂದು ಮೂಲೆಯಲ್ಲಿದ್ದ ಅಂಚೆ ಕಚೇರಿಯೂ ಹೋಯಿತು. 1960ರ ದಶಕದಲ್ಲಿ ಆ ದೇಶದಲ್ಲಿ ಸುಮಾರು 25,000 ಅಂಚೆ ಕಚೇರಿಗಳಿದ್ದವು. ಈಗ ಉಳಿದಿರುವುದು ಅದರ ಅರ್ಧಕ್ಕಿಂತ ಕಡಿಮೆ. 2007-08ರಲ್ಲಿ ಸರ್ಕಾರದ ಯೋಜನೆಯೊಂದರಲ್ಲೇ ಸುಮಾರು 2,500 ಕಚೇರಿಗಳು ಬಾಗಿಲು ಹಾಕಿದವು. ಕಾರು ಓಡಿಸಲಾಗದ ಮುದುಕರು, ಎಳೆಗೂಸು ಇರುವ ತಾಯಂದಿರು ಒಂದು ರೊಟ್ಟಿ, ಒಂದು ಸೀಸೆ ಹಾಲಿಗೂ ಬಸ್ಸು ಕಾಯಬೇಕಾಯಿತು. ಆಗ ಕೆಲವು ಊರಿನವರು, 'ಯಾರೂ ನಡೆಸದಿದ್ದರೆ ನಾವೇ ನಡೆಸೋಣ' ಎಂದು ಹೊರಟರು. ಹೀಗೆ ಹುಟ್ಟಿದ ಸಮುದಾಯದ ಅಂಗಡಿಗಳು ಇಂದು ಬ್ರಿಟನ್ನಿನಲ್ಲಿ ಮುನ್ನೂರಕ್ಕೂ ಹೆಚ್ಚು ಇವೆ. ಹೀಗೆ ತೆರೆದ ಹತ್ತು ಅಂಗಡಿಗಳಲ್ಲಿ ಒಂಬತ್ತಕ್ಕೂ ಹೆಚ್ಚು ಮುಚ್ಚದೆ ಉಳಿದುಕೊಂಡಿವೆ ಎಂಬುದು ಯಾವ ವ್ಯಾಪಾರಿಯಾದರೂ ಹುಬ್ಬೇರಿಸಬೇಕಾದ ಸಂಗತಿ.

ಇವು ನಡೆಯುವ ಕ್ರಮ ಸರಳ. ಊರಿನವರು ಷೇರು ಕೊಳ್ಳುತ್ತಾರೆ. ಹತ್ತು ಪೌಂಡಿನ ಷೇರು ಕೊಂಡವನಿಗೂ ಒಂದು ಮತ, ಹತ್ತು ಸಾವಿರ ಪೌಂಡು ಹಾಕಿದವನಿಗೂ ಒಂದೇ ಮತ. ಷೇರಿನ ಬೆಲೆ ಏರುವುದಿಲ್ಲ. ಸಂಘದ ಒಪ್ಪಿಗೆಯ ಮೇಲೆ ಹಾಕಿದ ಹಣವನ್ನು ಹಿಂದಕ್ಕೆ ಪಡೆಯಬಹುದು, ಅಷ್ಟೇ. ಗಲ್ಲಾಪೆಟ್ಟಿಗೆಯ ಹಿಂದೆ ನಿಲ್ಲುವವರಲ್ಲಿ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. 2014ರ ಸಹಕಾರ ಮತ್ತು ಸಮುದಾಯ ಹಿತ ಸಂಘಗಳ ಕಾಯ್ದೆಯಡಿ ಇವು ನೋಂದಣಿಯಾಗುತ್ತವೆ.

ಹೆಸರು ಹೇಳದೆ ಇಂಥ ಒಂದು ಅಂಗಡಿಯನ್ನೂ ಅದರ ಕಾರ್ಯದರ್ಶಿಯನ್ನೂ ಕಲ್ಪಿಸಿಕೊಳ್ಳೋಣ. ಆಕೆ ನಿವೃತ್ತ ದಾದಿ. ಜೊತೆಗೆ ಒಂದು ರಾಜಕೀಯ ಪಕ್ಷದ ಸ್ಥಳೀಯ ಶಾಖೆಗೂ ಆಕೆಯೇ ಕಾರ್ಯದರ್ಶಿ. ಯಾವ ಪಕ್ಷವೆಂಬುದು ಇಲ್ಲಿ ಮುಖ್ಯವಲ್ಲ. ಅಂಗಡಿಯ ಕಟ್ಟಡ ಇನ್ನೂರು ವರ್ಷ ಹಳೆಯದು, ದುರಸ್ತಿಯಾಗದಿದ್ದರೆ ಇನ್ನೊಂದು ಚಳಿಗಾಲ ತಡೆಯದು. ಅಂದು ಮಂಗಳವಾರ. ಗುರುವಾರ ಚುನಾವಣೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ಸಾಮಾನ್ಯವಾಗಿ ನಡೆಯುವುದು ಮೇ ತಿಂಗಳ ಮೊದಲ ಗುರುವಾರದಂದು.

ಗೋಡೆಯ ಒಳಗಿನ ರಸಾಯನಶಾಸ್ತ್ರ

ಬೆಳಿಗ್ಗೆ ಆರಕ್ಕೆ ಪತ್ರಿಕೆಗಳ ಕಟ್ಟು ಮತ್ತು ರೊಟ್ಟಿ ಬರುತ್ತವೆ. ಬಾಗಿಲು ತೆರೆದ ಕಾರ್ಯದರ್ಶಿ ಮೊದಲು ಮಾಡುವ ಕೆಲಸವೆಂದರೆ ಯಾರೋ ಬಾಗಿಲಿನ ಸಂದಿಯಲ್ಲಿ ತೂರಿಸಿ ಹೋದ ಕರಪತ್ರಗಳನ್ನು ಎತ್ತಿ ಪಕ್ಕಕ್ಕಿಡುವುದು. ಅವುಗಳಲ್ಲಿ ಆಕೆಯ ಪಕ್ಷದವೂ ಇವೆ. ಅಂಗಡಿಯ ಮೇಜಿನ ಮೇಲೆ ಯಾವ ಪಕ್ಷದ ಕಾಗದವೂ ಕೂಡದೆಂದು ಸಂಘ ಮಾಡಿಕೊಂಡ ನಿಯಮಕ್ಕೆ ಸಹಿ ಹಾಕಿದವರಲ್ಲಿ ಆಕೆಯೂ ಒಬ್ಬರು. ಅಂದಹಾಗೆ, ಅಲ್ಲಿನ ಕಾನೂನಿನಂತೆ ಪ್ರತಿ ಚುನಾವಣಾ ಕರಪತ್ರದ ಮೇಲೂ ಮುದ್ರಿಸಿದವರ ಮತ್ತು ಹೊರಡಿಸಿದವರ ಹೆಸರು ವಿಳಾಸ ಇರಲೇಬೇಕು. ಅನಾಮಧೇಯ ಕರಪತ್ರಕ್ಕೆ ಅಲ್ಲಿ ಎಡೆಯಿಲ್ಲ.

ಎಂಟು ಗಂಟೆಗೆ ಗಾರೆ ಕೆಲಸದವನು ಬರುತ್ತಾನೆ. ಸಮಸ್ಯೆ ಗೋಡೆಯ ತೇವ. ಗೋಡೆ ಕಲ್ಲಿನದು, ಕಲ್ಲುಗಳ ನಡುವೆ ಸುಣ್ಣದ ಗಾರೆ. ಎಷ್ಟೋ ವರ್ಷಗಳ ಹಿಂದೆ ಯಾರೋ 'ಭದ್ರವಾಗಲಿ' ಎಂದು ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದಿದ್ದಾರೆ. ಅಂದಿನಿಂದ ಗೋಡೆ ಒಣಗಿಲ್ಲ.

ಇದರ ಕಾರಣ ಹೈಸ್ಕೂಲು ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯುವಂಥದು. ಸುಣ್ಣದ ಕಲ್ಲನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡು ಹೊರಟು ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡು ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕಾವೇರಿ ಅರಳಿದ ಸುಣ್ಣವಾಗುತ್ತದೆ. ಇದನ್ನು ಮರಳಿನೊಂದಿಗೆ ಕಲೆಸಿ ಗೋಡೆಗೆ ಹಚ್ಚಿದಾಗ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಈ ಸುತ್ತು ಪೂರ್ಣವಾಗಲು ತಿಂಗಳುಗಳೇ ಬೇಕು. ಹೀಗೆ ಗಟ್ಟಿಯಾದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿದಿರುತ್ತವೆ. ಗೋಡೆಯೊಳಗೆ ಇಳಿದ ಮಳೆನೀರು ಆ ದಾರಿಯಲ್ಲೇ ಆವಿಯಾಗಿ ಹೊರಬೀಳುತ್ತದೆ. ಸಿಮೆಂಟು ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ಅದು ಬಿರುಸಾದದ್ದರಿಂದ ಕೂದಲೆಳೆಯ ಬಿರುಕು ಬಿಟ್ಟು ನೀರನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಕಲ್ಲಿನ ಮುಖವನ್ನೇ ಸಿಡಿಸುತ್ತದೆ. ಆದ್ದರಿಂದ ಸಿಮೆಂಟು ಕಿತ್ತು ಮತ್ತೆ ಸುಣ್ಣ ಹಚ್ಚಬೇಕು. ನಮ್ಮ ಹಳೆಯ ಮನೆ, ಗುಡಿಗಳಿಗೆ ಸಿಮೆಂಟು ಬಳಿದು 'ಜೀರ್ಣೋದ್ಧಾರ' ಮಾಡುವವರೂ ಇದನ್ನು ತಿಳಿದಿದ್ದರೆ ಒಳ್ಳೆಯದಿತ್ತು.

ಹಿಂದಿನ ಉಗ್ರಾಣದ ಮಾಡು ಇನ್ನೊಂದು ತಲೆನೋವು. ಅದಕ್ಕೆ ಹೊದಿಸಿರುವುದು ಕಲ್ನಾರಿನ ಶೀಟು. ಬ್ರಿಟನ್ 1999ರಲ್ಲಿ ಕಲ್ನಾರಿನ ಬಳಕೆಯನ್ನು ಪೂರ್ತಿ ನಿಷೇಧಿಸಿತು. ಅದಕ್ಕೂ ಹಿಂದಿನ ಕಟ್ಟಡವನ್ನು ದುರಸ್ತಿ ಮಾಡುವ ಮೊದಲು ಕಲ್ನಾರು ಇದೆಯೇ ಎಂದು ತಪಾಸಣೆ ಮಾಡಿಸಬೇಕು. ಸುಮ್ಮನಿದ್ದಾಗ ಶೀಟಿನಿಂದ ಅಪಾಯ ಕಡಿಮೆ. ಗರಗಸ ಹಾಕಿದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಅವು ತರುವ ಕ್ಯಾನ್ಸರು ತಲೆದೋರಲು ದಶಕಗಳೇ ಹಿಡಿಯಬಹುದು. ಶೀಟಿನ ಮಾಡು ನಮ್ಮಲ್ಲಿ ಇಂದಿಗೂ ಸಾಮಾನ್ಯ; ಅದನ್ನು ಮೂಗಿಗೆ ಬಟ್ಟೆಯನ್ನೂ ಕಟ್ಟದೆ ಕತ್ತರಿಸುವವರನ್ನು ಮಕ್ಕಳು ಹತ್ತಿರ ನಿಂತು ನೋಡುತ್ತಿದ್ದರೆ ತಂದೆತಾಯಿಗಳು ದೂರ ಕರೆಯಬೇಕು.

ಫ್ರಿಜ್ಜಿನ ಮುಂದೆ ಫೋಟೋ

ಹತ್ತೂವರೆಗೆ ಜಿಲ್ಲಾ ಕೌನ್ಸಿಲಿನ ಹಾಲಿ ಸದಸ್ಯರು ಬರುತ್ತಾರೆ. ಅವರು ಎದುರು ಪಕ್ಷದವರು, ಗುರುವಾರದ ಅಭ್ಯರ್ಥಿ. ಹಾಲು, ಬೆಣ್ಣೆ ಇಡುವ ಹೊಸ ಶೀತಕ ಬಂದಿದೆಯೆಂದು ಕೇಳಿ ಅದರ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ ಅವರದು. ಕೌನ್ಸಿಲಿನ ಅನುದಾನಕ್ಕೆ ಅವರು ಓಡಾಡಿದ್ದೂ ನಿಜ.

ಆ ಶೀತಕದ ವಿಷಯವನ್ನೇ ಮೊದಲು ಮುಗಿಸೋಣ. ಹಳೆಯದಕ್ಕೆ ಬಾಗಿಲಿರಲಿಲ್ಲ. ತಣ್ಣನೆಯ ಗಾಳಿ ಬಿಸಿ ಗಾಳಿಗಿಂತ ಭಾರ. ತೆರೆದ ಕಪಾಟಿನಿಂದ ಅದು ನೀರಿನಂತೆ ನೆಲಕ್ಕೆ ಹರಿದು ಹೋಗುತ್ತಿತ್ತು. ಗಿರಾಕಿಗಳ ಕಾಲು ತಣ್ಣಗಾಗುತ್ತಿತ್ತು, ವಿದ್ಯುತ್ ಬಿಲ್ಲು ಏರುತ್ತಿತ್ತು. ಗಾಜಿನ ಬಾಗಿಲು ಹಾಕಿದರೆ ಉಳಿತಾಯ ಅಂದೇ ಆರಂಭ. ಇನ್ನು, ಹಳೆಯ ಯಂತ್ರದಲ್ಲಿದ್ದ ಆರ್-404ಎ ಎಂಬ ಅನಿಲ ಸೋರಿದರೆ ಅದರ ಒಂದು ಕಿಲೋಗ್ರಾಂ ಸುಮಾರು 3,900 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡಬಲ್ಲದು. ಹೊಸದರಲ್ಲಿರುವುದು ಪ್ರೊಪೇನ್, ನಮ್ಮ ಅಡುಗೆ ಅನಿಲದ ಸಿಲಿಂಡರಿನಲ್ಲಿ ಬ್ಯುಟೇನಿನ ಜೊತೆ ಇರುವ ಅದೇ ಅನಿಲ. ಅದರ ತಾಪಕ ಶಕ್ತಿ ತೀರ ಅಲ್ಪ. ಹೊತ್ತಿಕೊಳ್ಳುವ ಗುಣವಿರುವುದರಿಂದ ಮಾತ್ರ ಯಂತ್ರದಲ್ಲಿ ತುಂಬುವ ಪ್ರಮಾಣವನ್ನು ಗ್ರಾಂ ಲೆಕ್ಕದಲ್ಲಿ ಮಿತಿಗೊಳಿಸಿರುತ್ತಾರೆ.

ಫೋಟೋದ ಮಾತು. ಸದಸ್ಯರನ್ನು ನಿರಾಕರಿಸಿದರೆ, 'ಅವಳ ಪಕ್ಷವಲ್ಲವೆಂದು ಹೀಗೆ' ಎಂಬ ಮಾತು ಬರುತ್ತದೆ. ಒಪ್ಪಿದರೆ ಆಕೆಯ ಪಕ್ಷದವರೇ ಸಂಜೆ ಮುಖ ತಿರುಗಿಸುತ್ತಾರೆ. ಆಕೆ ಹೇಳುವುದು ಇಷ್ಟು: 'ಶುಕ್ರವಾರ ಬನ್ನಿ. ಗೆದ್ದರೂ ಬನ್ನಿ, ಸೋತರೂ ಬನ್ನಿ. ಟೀ ಕೂಡ ಕೊಡುತ್ತೇವೆ.' ಸದಸ್ಯರು ನಕ್ಕು, ಮೊಟ್ಟೆ ಕೊಂಡು ಹೋಗುತ್ತಾರೆ. ಕೌನ್ಸಿಲಿನ ಕಚೇರಿಯೂ ಇದೇ ದಾರಿ ಹಿಡಿದಿದೆ. ಚುನಾವಣೆ ಘೋಷಣೆಯಾದ ಮೇಲೆ ಒಂದು ಪಕ್ಷಕ್ಕೆ ಅನುಕೂಲವಾಗುವಂಥ ಪ್ರಚಾರವನ್ನು ಕೌನ್ಸಿಲು ನಡೆಸುವಂತಿಲ್ಲ. ಮಾಡಿನ ಅನುದಾನದ ಫಲಿತಾಂಶ ಮತದಾನ ಮುಗಿಯುವವರೆಗೆ ಹೊರಬೀಳದು.

ಹಣದ ವಿಷಯದಲ್ಲಿ ದೊಡ್ಡ ರಾಜಕೀಯವೂ ಈ ಸಣ್ಣ ಅಂಗಡಿಯನ್ನು ಬಿಟ್ಟಿಲ್ಲ. 2021ರಲ್ಲಿ ಕನ್ಸರ್ವೇಟಿವ್ ಸರ್ಕಾರ ಇಂಥ ಊರ ಆಸ್ತಿಗಳನ್ನು ಉಳಿಸಿಕೊಳ್ಳಲು 15 ಕೋಟಿ ಪೌಂಡುಗಳ ಸಮುದಾಯ ಒಡೆತನ ನಿಧಿಯನ್ನು ಆರಂಭಿಸಿತು. 2024ರ ಡಿಸೆಂಬರಿನಲ್ಲಿ ಲೇಬರ್ ಸರ್ಕಾರ ಅದನ್ನು ಮುಕ್ತಾಯಗೊಳಿಸಿತು. ಅದೇ ಲೇಬರ್ ಸರ್ಕಾರ 2025ರಲ್ಲಿ ಮಂಡಿಸಿದ ಮಸೂದೆಯೊಂದು, ಊರಿಗೆ ಬೇಕಾದ ಕಟ್ಟಡ ಮಾರಾಟಕ್ಕೆ ಬಂದಾಗ ಊರಿನವರಿಗೇ ಕೊಳ್ಳುವ ಮೊದಲ ಹಕ್ಕನ್ನು ಕೊಡುವ ಪ್ರಸ್ತಾಪ ಮಾಡಿತು. 2011ರ ಕಾಯ್ದೆಯಲ್ಲಿ ಇದ್ದದ್ದು ಆರು ತಿಂಗಳ ಕಾಲಾವಕಾಶ ಮಾತ್ರ; ಆ ಅವಧಿ ಮುಗಿದ ಮೇಲೆ ಮಾಲೀಕ ಯಾರಿಗೆ ಬೇಕಾದರೂ ಮಾರಬಹುದಿತ್ತು. ಹೊಸ ಮಸೂದೆ ಹನ್ನೆರಡು ತಿಂಗಳ ಮಾತಾಡಿತು. ಒಂದು ಕೈ ಹಣ ಕೊಟ್ಟು ಹಕ್ಕನ್ನು ಮರೆತಿತ್ತು, ಇನ್ನೊಂದು ಕೈ ಹಕ್ಕು ಕೊಡಹೊರಟು ಹಣವನ್ನು ಹಿಂತೆಗೆಯಿತು ಎಂದು ಊರಿನವರು ಗೊಣಗಿದರೆ ತಪ್ಪೆನ್ನಲಾಗದು.

ರಾಜಕೀಯ ಹೊರಗಿಟ್ಟವರ ಕಥೆ

ಅಂಗಡಿ ಮತ್ತು ಪಕ್ಷವನ್ನು ಬೇರೆ ಬೇರೆ ಇಡುವ ಈ ಒದ್ದಾಟ ಹೊಸದಲ್ಲ. 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಟೋಡ್ ಲೇನ್ ಎಂಬ ಬೀದಿಯಲ್ಲಿ 28 ಮಂದಿ ತಲಾ ಒಂದು ಪೌಂಡು ಹಾಕಿ ಅಂಗಡಿ ತೆರೆದರು. ಅವರಲ್ಲಿ ನೇಕಾರರಿದ್ದರು, ಇತರ ಕಸುಬಿನವರಿದ್ದರು. ಮಾರಲು ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಮತ್ತು ಕೆಲವು ಮೇಣದ ಬತ್ತಿ. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ, ಸಾಲವೂ ಇಲ್ಲ. ಆ ಗುಂಪಿನಲ್ಲಿ ವಯಸ್ಕ ಗಂಡಸರೆಲ್ಲರಿಗೂ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದ ಚಾರ್ಟಿಸ್ಟರಿದ್ದರು, ರಾಬರ್ಟ್ ಓವೆನ್ನನ ಅನುಯಾಯಿಗಳಿದ್ದರು. ಅಂಗಡಿಯೊಳಗೂ ಅದೇ ವಾದ ನಡೆದಿದ್ದರೆ ಬೆಣ್ಣೆ ಕರಗಿ ಹೋಗುತ್ತಿತ್ತು! ರಾಜಕೀಯ ಮತ್ತು ಮತಧರ್ಮಗಳಲ್ಲಿ ತಟಸ್ಥವಾಗಿರುವುದು ರಾಚ್‌ಡೇಲ್ ತತ್ವಗಳಲ್ಲಿ ಒಂದಾಯಿತು. ಆದರೂ 1917ರಲ್ಲಿ ಬ್ರಿಟಿಷ್ ಸಹಕಾರ ಚಳವಳಿ ತನ್ನದೇ ಒಂದು ಪಕ್ಷವನ್ನು ಕಟ್ಟಿತು. ಅದು 1927ರಿಂದ ಲೇಬರ್ ಪಕ್ಷದ ಜೊತೆ ಒಪ್ಪಂದ ಮಾಡಿಕೊಂಡು ಬಂದಿದೆ. ತಟಸ್ಥರಾಗಿ ಉಳಿಯುವುದು ಎಷ್ಟು ಕಷ್ಟ ನೋಡಿ.

ಇನ್ನೂ ಕಷ್ಟಪಟ್ಟವನು ಹೊರೇಸ್ ಪ್ಲಂಕೆಟ್. ಹಳ್ಳಿಯ ಅಂಗಡಿಗಳಿಗೆ ಇಂದು ನೆರವಾಗುತ್ತಿರುವ ಪ್ಲಂಕೆಟ್ ಪ್ರತಿಷ್ಠಾನಕ್ಕೆ 1919ರಲ್ಲಿ ಬುನಾದಿ ಹಾಕಿದವನು ಅವನೇ. ಐರ್ಲೆಂಡಿನ ರೈತರ ಬೆಣ್ಣೆ ಡೇರಿಗಳನ್ನು ಸಹಕಾರ ಸಂಘಗಳಾಗಿ ಕಟ್ಟಿದ ಈತ ಬ್ರಿಟನ್ನಿನೊಡನೆ ಐಕ್ಯ ಬೇಕೆನ್ನುವ ಪಕ್ಷದಿಂದ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ. ಡೇರಿಯ ಸಭೆಯಲ್ಲಿ ಮಾತ್ರ ಕ್ಯಾಥೊಲಿಕರು, ಪ್ರಾಟೆಸ್ಟಂಟರು, ಸ್ವಾತಂತ್ರ್ಯ ಬೇಕೆನ್ನುವವರು, ಬೇಡವೆನ್ನುವವರು ಒಟ್ಟಿಗೆ ಕೂರಬೇಕೆಂಬುದು ಅವನ ಹಠ. ಫಲ? 1900ರ ಚುನಾವಣೆಯಲ್ಲಿ ಸೋತ. 1920ರ ಗಲಭೆಗಳಲ್ಲಿ ಬ್ರಿಟಿಷ್ ಪಡೆಗಳು ಸಹಕಾರಿ ಡೇರಿಗಳನ್ನು ಸುಟ್ಟವು. 1923ರಲ್ಲಿ ಐರಿಷ್ ಅಂತರ್ಯುದ್ಧದ ವೇಳೆ ಅವನ ಮನೆಯನ್ನೇ ಗಣತಂತ್ರವಾದಿಗಳು ಸುಟ್ಟರು. ಎರಡೂ ಕಡೆಯ ಬೆಂಕಿ ಅವನಿಗೆ ತಗುಲಿತು. ಡೇರಿಗಳು ಉಳಿದವು.

ಸಹಕಾರದ ಈ ಗಾಳಿ ನಮ್ಮ ನಾಡಿಗೂ ಬೇಗನೆ ಬೀಸಿತ್ತು. 1904ರಲ್ಲಿ ಭಾರತದಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಇಂದು ನಮ್ಮ ಎಷ್ಟೋ ಹಳ್ಳಿಗಳಲ್ಲಿ ಪಡಿತರ ಅಂಗಡಿ ನಡೆಸುತ್ತಿರುವುದು ಇಂಥ ಸಂಘಗಳ ಮರಿಗಳೇ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ; ಆದರೆ ಯಾರು ಯಾವ ಪಕ್ಷವೆಂದು ಶಾಲೆಯ ಮಕ್ಕಳಿಗೂ ಗೊತ್ತಿರುತ್ತದೆ. ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲಿನದೂ ಬಹುಮಟ್ಟಿಗೆ ಇದೇ ಸ್ಥಿತಿ.

ಹದಿನೈದು ಸೆಂಟಿಮೀಟರಿನ ಮೆಟ್ಟಿಲು

ಪ್ಯಾರಿಷ್ ಕೌನ್ಸಿಲ್ ಎಂದರೆ ಅಲ್ಲಿನ ಗ್ರಾಮ ಪಂಚಾಯಿತಿ. 1894ರ ಕಾಯ್ದೆಯಿಂದ ಹುಟ್ಟಿದ ಇಂಥ ಸಂಸ್ಥೆಗಳು ಇಂಗ್ಲೆಂಡಿನಲ್ಲಿ ಸುಮಾರು ಹತ್ತು ಸಾವಿರ ಇವೆ. ಸಭೆಗೆ ಮೂರು ಪೂರ್ಣ ದಿನ ಮೊದಲು ಸೂಚನೆ ಹಚ್ಚಬೇಕು, ಊರಿನವರು ಬಂದು ಕೂರಬಹುದು. ಅಂದು ಸಂಜೆ ಆರೂವರೆಯ ಸಭೆಯಲ್ಲಿ ಅಂಗಡಿಯ ಬಾಗಿಲಿನ ಇಳಿಜಾರಿಗೆ ಹಣ ಕೊಡಬೇಕೆ ಎಂಬ ಪ್ರಶ್ನೆ ಇತ್ತು.

ಬಾಗಿಲಿಗೆ ಹದಿನೈದು ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿದೆ. ಗಾಲಿ ಕುರ್ಚಿಯವರು ಇಲ್ಲಿಯವರೆಗೆ ಬೀದಿಯಲ್ಲೇ ನಿಂತು, ಒಳಗಿನವರಿಗೆ ಕೂಗಿ ಹೇಳಿ ಸಾಮಾನು ತರಿಸಿಕೊಳ್ಳುತ್ತಿದ್ದರು. 2010ರ ಸಮಾನತೆಯ ಕಾಯ್ದೆಯಂತೆ ಅಂಗಡಿ ಇದಕ್ಕೆ ಸಾಧ್ಯವಾದ ಏರ್ಪಾಡು ಮಾಡಬೇಕು. ಇಳಿಜಾರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದೆಂಬುದು ಮಾನದಂಡ. ಅಂದರೆ 15 ಸೆಂಟಿಮೀಟರ್ ಏರಲು 15 × 12 = 180 ಸೆಂಟಿಮೀಟರ್ ಉದ್ದ ಬೇಕು. ಅಂಗಡಿಯ ಮುಂದಿನ ಜಾಗ ಇರುವುದು ಒಂದು ಮೀಟರು. ಉಳಿದದ್ದು ಸಾರ್ವಜನಿಕ ಕಾಲುದಾರಿ, ಅದು ಕೌಂಟಿ ಕೌನ್ಸಿಲಿನ ಅಧೀನ. ಹೀಗೆ ಒಂದು ಮೆಟ್ಟಿಲಿಗೆ ಮೂರು ಕೌನ್ಸಿಲುಗಳು! ಗೋಡೆಗೆ ಹೊಂದಿಕೊಂಡು ಪಕ್ಕಕ್ಕೆ ತಿರುಗಿಸಿದರೆ ಕಾಲುದಾರಿಗೆ ತಾಗದು ಎಂದು ಲೆಕ್ಕ ಹಾಕಿ ನಕ್ಷೆ ಬರೆದವನು ಶನಿವಾರ ಅಂಗಡಿಯಲ್ಲಿ ಸಾಮಾನು ಜೋಡಿಸಲು ಬರುವ ಹತ್ತನೆಯ ತರಗತಿಯ ಹುಡುಗ.

ಕೌನ್ಸಿಲಿನಲ್ಲಿ ಏಳು ಸದಸ್ಯರು. ಇಬ್ಬರು ಅಂಗಡಿಯ ಆಡಳಿತ ಸಮಿತಿಯಲ್ಲೂ ಇದ್ದಾರೆ. ಹಣಕಾಸಿನ ಹಿತಾಸಕ್ತಿ ಇರುವ ವಿಷಯ ಬಂದಾಗ ಸದಸ್ಯರು ಅದನ್ನು ಘೋಷಿಸಿ ಚರ್ಚೆಯಿಂದಲೂ ಮತದಿಂದಲೂ ದೂರವಿರಬೇಕೆಂದು 2011ರ ಕಾಯ್ದೆ ಹೇಳುತ್ತದೆ. ತಿಳಿದೂ ತಿಳಿದು ಮೀರಿದರೆ ಅದು ಅಪರಾಧ. ಇಬ್ಬರೂ ಎದ್ದು ಹೊರಗಿನ ಬೆಂಚಿನ ಮೇಲೆ ಕೂರುತ್ತಾರೆ. ಒಬ್ಬರು ಈ ಪಕ್ಷ, ಇನ್ನೊಬ್ಬರು ಆ ಪಕ್ಷ. ಒಳಗೆ ಐವರು. 'ಚುನಾವಣೆ ಮುಗಿಯಲಿ, ಮುಂದಿನ ತಿಂಗಳು ನೋಡೋಣ' ಎಂದು ಒಬ್ಬರು. ನೋಡುವವರ ಸಾಲಿನಲ್ಲಿ ಗಾಲಿ ಕುರ್ಚಿಯಲ್ಲಿ ಬಂದಿದ್ದ ಮುದುಕಿಯೊಬ್ಬರು ಅನುಮತಿ ಕೇಳಿ, 'ಮುಂದಿನ ತಿಂಗಳೂ ನಾನು ಹೊರಗೇ ನಿಂತಿರುತ್ತೇನೆ' ಎನ್ನುತ್ತಾರೆ. ಮತ ಹಾಕಿದಾಗ ಪರ ನಾಲ್ಕು, ವಿರೋಧ ಒಂದು.

ಆದರೆ ದೊಡ್ಡ ಮಾಡಿನ ಕೆಲಸಕ್ಕೆ ಕೌನ್ಸಿಲಿನದಲ್ಲದ ಒಂದು ತಡೆ ಉಳಿದಿದೆ. ಅಟ್ಟದಲ್ಲಿ ಬಾವಲಿಯ ಹಿಕ್ಕೆ ಸಿಕ್ಕಿದೆ. ಬ್ರಿಟನ್ನಿನಲ್ಲಿ ಎಲ್ಲ ಜಾತಿಯ ಬಾವಲಿಗಳಿಗೂ ಅವುಗಳ ತಂಗುದಾಣಗಳಿಗೂ ಕಾನೂನಿನ ರಕ್ಷಣೆ ಇದೆ. ಹೆಂಚು ತೆಗೆಯುವ ಮೊದಲು ಸಮೀಕ್ಷೆ ನಡೆಯಬೇಕು. ಬಾವಲಿಗಳು ಹೊರಬರುವುದನ್ನು ಎಣಿಸುವ ಸಮೀಕ್ಷೆಗೆ ಸರಿಯಾದ ಕಾಲ ಮೇ ತಿಂಗಳಿನಿಂದ. ಒಂದು ಪಕ್ಷದ ಕರಪತ್ರ ಆಗಲೇ 'ಬಾವಲಿಗೆ ಇರುವ ಬೆಲೆ ಮನುಷ್ಯರಿಗಿಲ್ಲ' ಎಂದು ಮುದ್ರಿಸಿದೆ. ಕಾರ್ಯದರ್ಶಿಗೆ ಬೇಸರ, ಏಕೆಂದರೆ ಅದು ಆಕೆಯ ಪಕ್ಷದ ಕರಪತ್ರ.

ಸಭೆ ಮುಗಿದು ಎಂಟು ದಾಟಿದೆ. ಪರವಾನಗಿ ಪಡೆದ ತಜ್ಞೆ ಅಂಗಡಿಯ ಮುಂದೊಂದು ಹಿಂದೊಂದು ಮಡಿಸುವ ಕುರ್ಚಿ ಹಾಕಿಸಿದ್ದಾರೆ. ಕೈಯಲ್ಲಿ ಒಂದು ಪುಟ್ಟ ಪೆಟ್ಟಿಗೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗಿನ ಶಬ್ದ. ಪಿಪಿಸ್ಟ್ರೆಲ್ ಎಂಬ ಸಾಮಾನ್ಯ ಬಾವಲಿ ಕೂಗುವುದು 45 ಕಿಲೋಹರ್ಟ್ಸ್‌ನಲ್ಲಿ, ಅದರ ಹತ್ತಿರದ ನಂಟ 55ರಲ್ಲಿ. ಕಣ್ಣಿಗೆ ಎರಡೂ ಒಂದೇ ತರಹ ಕಾಣುವುದರಿಂದ ಇವು ಎರಡು ಬೇರೆ ಜಾತಿಗಳೆಂದು ವಿಜ್ಞಾನಿಗಳಿಗೆ ಖಚಿತವಾದದ್ದೇ 1990ರ ದಶಕದಲ್ಲಿ. ಪೆಟ್ಟಿಗೆ ಆ ಕೂಗನ್ನು ನಮಗೆ ಕೇಳುವ ಟಪ ಟಪ ಸದ್ದಾಗಿ ಇಳಿಸುತ್ತದೆ. ಐದು ಗ್ರಾಂ ತೂಕದ, ಬೆಂಕಿಪೆಟ್ಟಿಗೆಯಲ್ಲಿ ಹಿಡಿಸುವಷ್ಟೇ ದೊಡ್ಡ ಈ ಪ್ರಾಣಿ ಒಂದು ರಾತ್ರಿಗೆ ಮೂರು ಸಾವಿರದವರೆಗೆ ಕೀಟಗಳನ್ನು ತಿನ್ನಬಲ್ಲದು.

ಹಿಂದಿನ ಕುರ್ಚಿಯಲ್ಲಿ ತಜ್ಞೆಯ ಸಹಾಯಕ. ಮುಂದಿನದರ ಪಕ್ಕ ಕಾರ್ಯದರ್ಶಿ ಬರೆದುಕೊಳ್ಳಲು ನಿಂತಿದ್ದಾರೆ. ಬೀದಿಯ ಆಚೆ ಬದಿಯಲ್ಲಿ ಬೆಳಗಿನ ಮೊಟ್ಟೆಯ ಸದಸ್ಯರು ಕೊನೆಯ ಸುತ್ತಿನ ಕರಪತ್ರ ಹಂಚಿ ಬರುತ್ತಿದ್ದವರು, ಏನೆಂದು ಕೇಳಿ ಅಲ್ಲೇ ನಿಲ್ಲುತ್ತಾರೆ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷಕ್ಕೆ ಪೆಟ್ಟಿಗೆ ಟಪಗುಟ್ಟುತ್ತದೆ. ಹೆಂಚಿನ ಅಂಚಿನಿಂದ ಒಂದು, ಆಮೇಲೆ ಒಟ್ಟಿಗೆ ಎರಡು. ಎಲ್ಲ ಮುಗಿದಾಗ ಲೆಕ್ಕ ಹನ್ನೊಂದು. ತಾಯಿ ಬಾವಲಿಗಳ ಹೆರಿಗೆಮನೆಯಾದರೆ ಬೇಸಗೆ ಕಳೆಯುವವರೆಗೆ ಮಾಡಿಗೆ ಕೈ ಹಚ್ಚುವಂತಿಲ್ಲ. ಅಲ್ಲವಾದರೆ ಪರವಾನಗಿ ಪಡೆದು, ಬೇರೆಡೆ ಗೂಡು ಕಟ್ಟಿಕೊಟ್ಟು ಕೆಲಸ ಆರಂಭಿಸಬಹುದು. ಅದು ಗೊತ್ತಾಗಲು ಇನ್ನೂ ಎರಡು ಸಂಜೆ ಎಣಿಸಬೇಕೆಂದು ತಜ್ಞೆ ಹೇಳುತ್ತಾರೆ. ಮುಂದಿನ ಎಣಿಕೆಗೆ ಒಬ್ಬರು ಕಡಿಮೆ ಬೀಳುತ್ತಾರೆ. ಗುರುವಾರದ ನಂತರ ತಮಗೆ ಬಿಡುವಿದೆ ಎಂದು ಸದಸ್ಯರು ತಮ್ಮ ದೂರವಾಣಿ ಸಂಖ್ಯೆಯನ್ನು ಕರಪತ್ರದ ಹಿಂಬದಿಯಲ್ಲಿ ಬರೆದು ಕೊಡುತ್ತಾರೆ. ಕಾರ್ಯದರ್ಶಿ ಅದನ್ನು ಮಡಿಸಿ, ಬಾವಲಿ ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಂಡು, ನಾಳೆಯ ರೊಟ್ಟಿಯ ಪಟ್ಟಿ ಬರೆಯಲು ಒಳಗೆ ಹೋಗುತ್ತಾರೆ.